ಮಂದಾರಕ್ಕೆ ಪಾಲಿಶ್ ಹೊಡೆದ ದೊಡ್ಡಮ್ಮ

ಕತ್ತಿಗೆ ಒರೆ ಇರುತ್ತದೆ, ಬಂದೂಕಿಗೆ ಪರವಾನಗಿ ಇರುತ್ತದೆ. ಒರೆಯೂ ಇಲ್ಲದೆ ಪರವಾನಗಿಯೂ ಇಲ್ಲದೆ ನಮ್ಮ ಬೀದಿಯಲ್ಲಿ ಹಾಡಹಗಲೇ ರಾಜಾರೋಷವಾಗಿ ಓಡಾಡುತ್ತಿದ್ದ ಆಯುಧ ಒಂದೇ: ಪಾಲಿಶ್ ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು. ದಪ್ಪನೆಯ ಉಗುರು. ವರ್ಷಗಟ್ಟಲೆ ಅರಗು ಕುಡಿದು ಕಂದು ಬಣ್ಣಕ್ಕೆ ತಿರುಗಿತ್ತು, ಬಡಗಿಯ ಉಳಿಯ ಹಾಗೆ ಒಂದು ಕಡೆಗೆ ಓರೆಯಾಗಿ ಸವೆದಿತ್ತು. ಆಕೆ ಯಾರದಾದರೂ ಮನೆಯ ಹೊಸ್ತಿಲು ದಾಟಿದರೆ ಮನೆಯವರು ‘ಬನ್ನಿ’ ಎನ್ನುವ ಮೊದಲೇ ಬೀರುಗಳು ಬೆವರುತ್ತಿದ್ದವು, ಮೇಜುಗಳು ಕಾಲು ಮಡಚಿಕೊಳ್ಳಲು ನೋಡುತ್ತಿದ್ದವು ಎಂದು ಹೇಳುತ್ತಾರೆ. ಹೇಳುವವರಲ್ಲಿ ಮೊದಲಿಗ ನಾನೇ ಇರಬಹುದು, ಅದು ಬೇರೆ ಮಾತು.

ಮರದ ಸಾಮಾನುಗಳಿಗೆ ಪಾಲಿಶ್ ಹಾಕುವುದು ದೊಡ್ಡಮ್ಮನ ಕಸುಬು. ಆ ಕಸುಬಿನಲ್ಲಿ ಕಣ್ಣನ್ನು ನಂಬಿದವರು ಕೆಟ್ಟರು. ಮೇಲೆ ತೇಗದ ಹೊಳಪು, ಒಳಗೆ ಮರದ ಪುಡಿ ಒತ್ತಿ ಮಾಡಿದ ಹಲಗೆ. ಅದಕ್ಕೇ ಆಕೆ ಯಾವುದನ್ನೇ ಆಗಲಿ ಒಮ್ಮೆ ಗೀರಿ ನೋಡದೆ ನಂಬುತ್ತಿರಲಿಲ್ಲ. ಕಸುಬಿಗೆ ಹುಟ್ಟಿದ ಅಭ್ಯಾಸ ಕ್ರಮೇಣ ಕಸುಬಿನ ಗಡಿ ದಾಟಿತು. ‘ಹೇಗಿದ್ದೀಯಮ್ಮ, ಮಂಡಿ ನೋವು ಕಡಿಮೆ ಆಯ್ತಾ?’ ಎಂದು ಕೇಳುತ್ತಲೇ ಬಾಗಿಲಿನ ಚೌಕಟ್ಟನ್ನು ಗೀರಿ, ಮಂಡಿಯ ವಿಷಯ ಮುಗಿಯುವಷ್ಟರಲ್ಲಿ ಮರದ ಜಾತಕ ತಿಳಿದುಕೊಂಡಿರುತ್ತಿದ್ದಳು. ನಮ್ಮ ಮೊದಲ ಮಹಡಿಯ ಟೈಲರನ ಮಗಳನ್ನು ನೋಡಲು ಒಬ್ಬ ಹುಡುಗ ಬಂದಿದ್ದ. ಕೈಯಲ್ಲಿ ಬಂಗಾರದ ಗಡಿಯಾರ. ದೊಡ್ಡಮ್ಮ ಅವನ ಮಣಿಕಟ್ಟು ಹಿಡಿದು, ‘ಎಷ್ಟು ಹೊತ್ತಾಯ್ತಪ್ಪ?’ ಎಂದಳು. ಅವನು ಗಂಟೆ ಹೇಳಿ ಮುಗಿಸುವಷ್ಟರಲ್ಲಿ ಬಂಗಾರ ಎದ್ದು ಹೋಗಿ ಕೆಳಗಿನ ಕಬ್ಬಿಣ ಕಾಣಿಸಿಕೊಂಡಿತ್ತು. ಗಡಿಯಾರ ತೋರಿಸುತ್ತಿದ್ದ ಹೊತ್ತು ಸರಿಯಾಗಿಯೇ ಇತ್ತು. ಸರಿ ಇಲ್ಲದ್ದು ಹುಡುಗನ ಹೊತ್ತು.

ಈ ಮಹಾಯೋಧೆ ನಮ್ಮ ಮೂರಂತಸ್ತಿನ ಕಟ್ಟಡಕ್ಕೆ ಬಂದದ್ದು ಸೊಸೆಯಾಗಿ. ಪಾಲಿಶ್ ಕೆಲಸ ಗಂಡನದು. ಮೊದಲು ಆಕೆಗೆ ಸಿಕ್ಕಿದ್ದು ಉಪ್ಪು ಕಾಗದ ಹಿಡಿದು ಕುರ್ಚಿಯ ಕಾಲು ಉಜ್ಜುವ ಭಾಗ್ಯ. ಆಮೇಲೆ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕುವ ಬಡ್ತಿ. ಗಂಡನ ಕಣ್ಣು ಮಂಜಾದ ಮೇಲೆ ಬಣ್ಣ ಹೇಳುವವಳು ಆಕೆ, ಕೈಯಾಡಿಸುವವನು ಅವನು. ಅವನು ತೀರಿಕೊಂಡ ಮೇಲೆ ಹೇಳುವವಳೂ ಆಕೆಯೇ, ಕೈಯಾಡಿಸುವವಳೂ ಆಕೆಯೇ. ಹತ್ತಿಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಉಂಡೆ ಮಾಡಿ, ಅರಗಿನಲ್ಲಿ ಅದ್ದಿ, ಹಿತ್ತಲಿನ ಪಡುವಣ ಮೂಲೆಯಲ್ಲಿ ಮಣೆಯ ಮೇಲೆ ಕೂತಳೆಂದರೆ ಊರಿನ ಮುರುಕು ಕುರ್ಚಿಗಳೆಲ್ಲ ಮದುಮಕ್ಕಳಾಗಿ ಏಳುತ್ತಿದ್ದವು.

ಈಗ ಆ ಮೂಲೆಗೇ ಕಂಟಕ ಬಂತು.

ಹಿತ್ತಲಿನ ಆಚೆಗೆ ಒಂದು ಹಳೆಯ ಗೋದಾಮಿತ್ತು. ಮಧ್ಯಾಹ್ನದ ಮೇಲೆ ಅದರ ಗೋಡೆಯ ನೆರಳು ಸರಿಯಾಗಿ ದೊಡ್ಡಮ್ಮನ ಮಣೆಯ ಮೇಲೆ ಬೀಳುತ್ತಿತ್ತು. ಗೋದಾಮಿನವರು ಅದನ್ನು ಕೆಡವಿ ಹಾಕಿದರು. ಗೋಡೆ ಹೋಯಿತು, ನೆರಳು ಹೋಯಿತು, ಬಿಸಿಲು ಬಂದು ಮಣೆ ಹಾಕಿಕೊಂಡು ಕೂತಿತು. ಅರಗಿನ ಪಾಲಿಶ್ ಎನ್ನುವುದು ಹೊಸ ಅಳಿಯನಂತೆ. ಬಿಸಿಲಾದರೆ ಗುಳ್ಳೆ ಏಳುತ್ತದೆ, ತಂಡಿಯಾದರೆ ಮುಖ ಬಿಳಿಚಿಕೊಳ್ಳುತ್ತದೆ, ಸದಾ ನೆರಳಲ್ಲಿ ಕೂರಿಸಿ ಗಾಳಿ ಹಾಕಬೇಕು. ದೊಡ್ಡಮ್ಮ ಟಾರ್ಪಾಲು ಕಟ್ಟಿ ನೋಡಿದಳು. ಅದು ಗಾಳಿಗೆ ಪಟಪಟ ಹೊಡೆದುಕೊಂಡು ಹಸಿ ಪಾಲಿಶಿನ ಮೇಲೆ ಧೂಳು ಉದುರಿಸಿತು. ಮನೆಯೊಳಗೆ ಮಾಡಿ ನೋಡಿದಳು. ಸ್ಪಿರಿಟ್ ವಾಸನೆ ಮೆಟ್ಟಿಲು ಹತ್ತಿ ಹೋಗಿ, ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಎರಡನೇ ಮಹಡಿಯ ನರ್ಸಮ್ಮನನ್ನು ಎಬ್ಬಿಸಿತು.

‘ದೊಡ್ಡಮ್ಮ, ಆಸ್ಪತ್ರೆ ಬಿಟ್ಟು ಮನೆಗೆ ಬಂದ್ರೂ ಅದೇ ವಾಸನೆ! ನಾನು ಮನೆಗೆ ಬಂದ್ನೋ ಇಲ್ವೋ ಅಂತ ನನಗೇ ಅನುಮಾನ.’

ಅದೇ ದಿನಗಳಲ್ಲಿ ರಸ್ತೆ ಅಗಲ ಮಾಡುವವರು ಬಂದು ತಿರುವಿನಲ್ಲಿದ್ದ ಮಂದಾರದ ಗಿಡವನ್ನು ಅಗೆದು ಬದಿಗೆ ಉರುಳಿಸಿದರು. ಆಳೆತ್ತರದ ಪೊದೆ. ಬಿಳಿ ಹೂವು, ದನದ ಗೊರಸಿನ ಹಾಗೆ ನಡುವೆ ಸೀಳಿದ ಎಲೆ, ಅವರೆಯ ಕುಲದ್ದು ಎಂದು ಹೇಳಿಕೊಳ್ಳುವ ಚಪ್ಪಟೆ ಕಾಯಿ. ದೊಡ್ಡಮ್ಮ ಗಿಡವನ್ನು ನೋಡಿದಳು. ಹೂವನ್ನಲ್ಲ, ಅದರ ಅಗಲವನ್ನು. ನಿಂತು ಕೆಲಸ ಮಾಡುವವರಿಗೆ ಮರವೇ ಬೇಕು, ಕೂತು ಕೆಲಸ ಮಾಡುವವಳಿಗೆ ಪೊದೆ ಸಾಕು. ಬೀರು ಸಾಗಿಸುವ ಕೈಗಾಡಿ ತಂದು, ಬೇರಿನ ಮಣ್ಣುಂಡೆಗೆ ಪಾಲಿಶಿನ ಹಳೇ ಬಟ್ಟೆ ನೆನೆಸಿ ಸುತ್ತಿ, ಗಿಡವನ್ನು ಮೆರವಣಿಗೆಯಲ್ಲಿ ತಂದಳು. ಪಡುವಣ ಮೂಲೆಯಲ್ಲಿ ಗುಂಡಿ ತೋಡಿ ನೆಟ್ಟಳು.

ನೆಟ್ಟ ಕೆಲವು ವಾರ ಗಿಡ ಮುಖ ಬಾಡಿಸಿಕೊಂಡು ನಿಂತಿತು. ಚಳಿ ಬಂತು. ಎಲೆಗಳು ಒಂದೊಂದಾಗಿ ಹಳದಿಯಾದವು, ಉದುರಿದವು. ಕೊನೆಗೆ ಉಳಿದದ್ದು ಕಡ್ಡಿಗಳು ಮತ್ತು ನಾಲ್ಕಾರು ಒಣಕಾಯಿ.

ಇಲ್ಲಿ ನಮ್ಮ ಕಾರ್ಯದರ್ಶಿಗಳ ಪ್ರವೇಶ. ಕಟ್ಟಡದ ಕಾರ್ಯದರ್ಶಿಗಳು ಬೇರೆ ಯಾರೂ ಅಲ್ಲ, ದೊಡ್ಡಮ್ಮನ ಸ್ವಂತ ಮೈದುನ. ಆಕೆ ಮದುವೆಯಾಗಿ ಬಂದಾಗ ಚಡ್ಡಿ ಹಾಕಿಕೊಂಡು ಕುರ್ಚಿಗಳ ಕೆಳಗೆ ಆಡುತ್ತಿದ್ದವರು ಬೆಳೆದು, ಬಸ್ಸಿನ ಟಿಕೆಟ್ ತಪಾಸಣೆಯ ಇನ್ಸ್‌ಪೆಕ್ಟರ್ ಆಗಿ, ನಿವೃತ್ತರಾಗಿ, ಈಗ ಟಿಕೆಟ್ ಇಲ್ಲದ ನಮ್ಮನ್ನೆಲ್ಲ ತಪಾಸಣೆ ಮಾಡುತ್ತಿದ್ದರು. ತಲೆಯ ಮೇಲೆ ಕೂದಲೊಂದು ಬಿಟ್ಟು ಉಳಿದೆಲ್ಲ ಗುಣಗಳೂ ಸಮೃದ್ಧವಾಗಿದ್ದವು. ಆ ಕೊರತೆಯನ್ನು ವರ್ಷವಿಡೀ ಒಂದು ಉಣ್ಣೆಯ ಟೋಪಿ ಮುಚ್ಚುತ್ತಿತ್ತು. ಅವರ ಹೆಂಡತಿ ಹೆಣೆದದ್ದು.

ಅವರು ಗಿಡದ ಸುತ್ತ ಪ್ರದಕ್ಷಿಣೆ ಬಂದು ತೀರ್ಪು ಕೊಟ್ಟರು: ‘ಅತ್ತಿಗೆ, ಇದು ಹೋಗಿದೆ.’

‘ಎಲ್ಲಿಗೆ?’

‘ತಮಾಷೆ ಬೇಡ. ಸತ್ತಿದೆ. ಸತ್ತ ಗಿಡಕ್ಕೆ ನೀರು ಹಾಕೋದೂ ಒಂದೇ, ಬೋಳು ತಲೆಗೆ ಎಣ್ಣೆ ಹಚ್ಚೋದೂ ಒಂದೇ.’

‘ನಿನ್ನ ತಲೆ ಬೋಳಾಯ್ತು ಅಂತ ನಾವೇನು ನಿನ್ನ ಕಿತ್ತು ಹಾಕಿದ್ವಾ?’

ಬಟ್ಟೆ ಒಣಗಿಸುತ್ತಿದ್ದ ಟೈಲರ್ ಅತ್ತ ತಿರುಗಿ ಜೋರಾಗಿ ಕೆಮ್ಮಿದ. ಕಾರ್ಯದರ್ಶಿಗಳು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಹೊರಟರು. ಅಂದಿನಿಂದ ಗಿಡದ ಪ್ರಶ್ನೆ ಮಾನದ ಪ್ರಶ್ನೆಯಾಯಿತು.

ಮುಂದಿನ ಸಭೆಯಲ್ಲಿ ಅವರು ಠರಾವು ಮಂಡಿಸಿದರು. ಬೇಸಿಗೆಯ ಸಭೆಯ ಹೊತ್ತಿಗೆ ಗಿಡ ಚಿಗುರದಿದ್ದರೆ ಅದನ್ನು ಕಿತ್ತು, ಆ ಮೂಲೆಗೆ ಸಿಮೆಂಟ್ ಹಾಕಿ, ಎಲ್ಲರ ಸ್ಕೂಟರ್ ನಿಲ್ಲಿಸಲು ಜಾಗ ಮಾಡುವುದು. ಎಲ್ಲರಿಗೂ ಸ್ಕೂಟರ್ ಇತ್ತು, ಆದ್ದರಿಂದ ಎಲ್ಲರ ಕೈಯೂ ಮೇಲೆ ಹೋಯಿತು. ಹೋಗದಿದ್ದದ್ದು ಎರಡು ಕೈ. ಒಂದು ದೊಡ್ಡಮ್ಮನದು. ಇನ್ನೊಂದು ಕಾರ್ಯದರ್ಶಿಗಳ ಹೆಂಡತಿಯದು, ಅಂದರೆ ದೊಡ್ಡಮ್ಮನ ಓರಗಿತ್ತಿಯದು.

‘ರೀ, ಅಲ್ಲಿ ಸ್ಕೂಟರ್ ನಿಂತ್ರೆ ಅಕ್ಕ ಎಲ್ಲಿ ಕೂತು ಕೆಲಸ ಮಾಡ್ಬೇಕು?’

‘ಯಾಕೆ ಮಾಡ್ಬೇಕು? ವಯಸ್ಸಾಯ್ತು. ಮನೇಲಿ ಆರಾಮಾಗಿ ಕೂತಿರ್ಲಿ. ನಾನಿಲ್ವಾ ನೋಡ್ಕೊಳ್ಳೋಕೆ?’

ಅದನ್ನು ಅವರು ಪ್ರೀತಿಯಿಂದಲೇ ಹೇಳಿದ್ದರು. ಆದರೆ ‘ಆರಾಮಾಗಿ ಕೂತಿರ್ಲಿ’ ಎಂಬ ಮಾತು ಬಿದ್ದಾಗ ದೊಡ್ಡಮ್ಮನ ಮುಖ, ಬಿಸಿಲಿಗೆ ಇಟ್ಟ ಹಸಿ ಪಾಲಿಶಿನಂತೆ ಆಯಿತು. ಕೆಲಸವಿಲ್ಲದೆ ಆಕೆ ಕೂತದ್ದನ್ನು ನಾವ್ಯಾರೂ ನೋಡಿರಲಿಲ್ಲ. ಊಟಕ್ಕೆ ಕೂತರೂ ಕಾಲಿನಿಂದ ಮಣೆ ನುಣುಪಾಗಿದೆಯೇ ಎಂದು ನೋಡುತ್ತಿದ್ದವಳು. ಆ ಕ್ಷಣಕ್ಕೆ ಎಲ್ಲರಿಗೂ ಸ್ಪಷ್ಟವಾಯಿತು. ಗಿಡ ಚಿಗುರಿದರೆ ದೊಡ್ಡಮ್ಮನಿಗೆ ಕಸುಬು ಉಳಿಯಿತು. ಚಿಗುರದಿದ್ದರೆ ಆಕೆಗೆ ಆರಾಮು ಗಟ್ಟಿ.

ಸಭೆ ಮುಗಿಯುತ್ತಲೇ ಆಕೆ ಸೆರಗು ಸಿಕ್ಕಿಸಿಕೊಂಡು ಗಿಡದ ಬಳಿಗೆ ನಡೆದಳು. ನಾವೆಲ್ಲ ಹಿಂದೆ. ಐತಿಹಾಸಿಕ ಹೆಬ್ಬೆರಳು ಮೇಲೆದ್ದಿತು. ಬುಡದ ತೊಗಟೆಯ ಮೇಲೆ ಒಂದು ಗೀರು. ತೆಳ್ಳನೆಯ ಕಂದು ಸಿಪ್ಪೆ ಸರಿದು ಕೆಳಗೆ ಹಸಿರು ಕಾಣಿಸಿತು. ಹೊಸ ಅವರೆಕಾಯಿಯ ಹಸಿರು.

‘ನೋಡ್ರಪ್ಪ, ಕಣ್ಣಿದ್ದೋರೆಲ್ಲ ನೋಡಿ! ಬಟ್ಟೆ ಬಿಚ್ಚಿಟ್ಟು ನಿದ್ದೆ ಮಾಡ್ತಿದೆ ಅಷ್ಟೇ.’

ಜಯಘೋಷವಾಯಿತು. ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ದೊಡ್ಡಮ್ಮ ಅರಿಯದೆ ಒಂದು ದೊಡ್ಡ ತಪ್ಪು ಮಾಡಿಬಿಟ್ಟಿದ್ದಳು. ಜೀವ ಇದೆಯೇ ಎಂದು ನೋಡುವ ವಿದ್ಯೆಯನ್ನು ಇಡೀ ಕಟ್ಟಡಕ್ಕೆ ಪುಕ್ಕಟೆಯಾಗಿ ಕಲಿಸಿಕೊಟ್ಟಿದ್ದಳು.

ಮರುದಿನ ಬೆಳಿಗ್ಗೆ ಟೈಲರ್ ಹಲ್ಲುಜ್ಜುತ್ತಾ ಬಂದು ಒಂದು ಗೀರು ಹಾಕಿ ನೋಡಿದ. ಹಸಿರು. ಖುಷಿಯಾಗಿ ಹೋದ. ಅವನ ಹೆಂಡತಿಗೆ ಗಂಡನ ಮಾತಿನ ಮೇಲೆ ನಂಬಿಕೆ ಇಲ್ಲದ್ದರಿಂದ ತಾನೂ ಬಂದು ನೋಡಿದಳು. ಹಾಲಿನವನು ನೋಡಿದ. ನೆಂಟರು ಬಂದರೆ ಅವರಿಗೂ ಗೀರಿ ತೋರಿಸುವುದು ಮರ್ಯಾದೆಯಾಯಿತು. ಸ್ವತಃ ಕಾರ್ಯದರ್ಶಿಗಳು ಯಾರೂ ಇಲ್ಲದ ಹೊತ್ತು ನೋಡಿ, ಒಣಗಿದ ಕೊಂಬೆ ಹುಡುಕಿ ಹುಡುಕಿ ಬೀಗದ ಕೈಯಿಂದ ಗೀರುತ್ತಿದ್ದುದು ಹೆಂಡತಿಯ ಕಣ್ಣಿಗೆ ಬಿತ್ತು. ಎಲ್ಲರಿಗೂ ಗಿಡದ ಮೇಲೆ ಅಕ್ಕರೆ, ಎಲ್ಲರಿಗೂ ಉಗುರು. ವಾರ ಕಳೆಯುವಷ್ಟರಲ್ಲಿ ಗಿಡ ಬೆಕ್ಕಿನ ಸೈನ್ಯ ದಾಳಿ ಮಾಡಿ ಹೋದ ಸೋಫಾದಂತೆ ಕಾಣುತ್ತಿತ್ತು.

ನರ್ಸಮ್ಮ ಅದನ್ನು ನೋಡಿ ಗಾಬರಿಯಾದಳು. ‘ದೊಡ್ಡಮ್ಮ, ನಾವೂ ದಿನಾ ನಾಡಿ ನೋಡ್ತೀವಿ. ಕೈ ಕೊಯ್ದು ನೋಡಲ್ಲ. ಇನ್ನೊಂದು ವಾರ ಹೀಗೇ ವಿಚಾರಿಸಿಕೊಂಡ್ರೆ ಚೆನ್ನಾಗಿದ್ದದ್ದೂ ಸಾಯತ್ತೆ.’

ದೊಡ್ಡಮ್ಮ ಕಾಂಡದ ಸುತ್ತ ಕೈಯಾಡಿಸಿದಳು. ಒಂದು ಕಡೆ ತೊಗಟೆ ಹಾರಿಹೋಗಿ, ಹಸಿರಿದ್ದ ಜಾಗವೂ ಒಣಗಿ ಕಂದಾಗಿತ್ತು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಮನೆಗೆ ಹೋದಳು.

ಗಾಯಕ್ಕೆ ಡಾಕ್ಟರು ಮುಲಾಮು ಹಚ್ಚುತ್ತಾರೆ, ಗಾರೆಯವನು ಗಾರೆ ಮೆತ್ತುತ್ತಾನೆ. ಪಾಲಿಶಿನವಳು? ಬೆಳಗಾಗುತ್ತಲೇ ಆಕೆ ಅರಗಿನ ಡಬ್ಬಿ, ಹತ್ತಿಯ ಉಂಡೆ ಹಿಡಿದು ಗಿಡದ ಮುಂದೆ ಮಣೆ ಹಾಕಿದಳು. ಗೀರಿದ್ದ ಜಾಗಗಳಿಗೆ ಮಾತ್ರ ತೆಳ್ಳಗೆ ಹಚ್ಚುವುದು ಎಂಬುದು ಮೂಲ ಸಂಕಲ್ಪ. ಆದರೆ ಕೈ ಎನ್ನುವುದು ರೂಢಿಯ ದಾಸ. ಒಂದು ಗೀರಿನಿಂದ ಇನ್ನೊಂದು ಗೀರಿಗೆ ಹೋಗುವಾಗ ನಡುವಿನ ಜಾಗ ಮಂಕಾಗಿ ಕಂಡಿತು, ಅದಕ್ಕೂ ಒಂದು ಕೈ. ಬುಡ ಹೊಳೆದ ಮೇಲೆ ಕೊಂಬೆಗಳು ಅನಾಥವಾಗಿ ಕಂಡವು, ಅವಕ್ಕೂ ಒಂದು ಕೈ. ಒಣಗಿದ ಮೇಲೆ ಎರಡನೇ ಕೈ ಹಾಕದೆ ಬಿಟ್ಟರೆ ಗಂಡನ ಆತ್ಮಕ್ಕೆ ಶಾಂತಿ ಎಲ್ಲಿ? ಸಂಜೆ ಕಚೇರಿ ಬಿಟ್ಟು ಬಂದವರಿಗೆ ಹಿತ್ತಲಿನಲ್ಲಿ ಕಂಡದ್ದು ಬುಡದಿಂದ ಕೊಂಬೆಯವರೆಗೆ ಕನ್ನಡಿಯಂತೆ ಮಿರುಗುತ್ತಿದ್ದ, ಬೇರು ಸಮೇತ ಇದ್ದ ಪೀಠೋಪಕರಣ. ಪುಣ್ಯಕ್ಕೆ ಕೊಂಬೆಗಳ ತುದಿ ತಲುಪುವ ಮೊದಲು ಡಬ್ಬಿ ಖಾಲಿಯಾಗಿತ್ತು.

ಕಾರ್ಯದರ್ಶಿಗಳು ಬಹಳ ಹೊತ್ತು ನಿಂತು ನೋಡಿದರು.

‘ಅತ್ತಿಗೆ, ಇದನ್ನ ಬೆಳೆಸ್ತೀರೋ, ಮಾರ್ತೀರೋ?’

ಕೇಳಿದ್ದು ತಮಾಷೆಗೆ. ಆದರೆ ಮರುದಿನ ಮೇಜು ಕೊಡಲು ಬಂದ ಗಿರಾಕಿಯೊಬ್ಬರು ಗಿಡವನ್ನು ಮೂರು ಕಡೆಯಿಂದ ನೋಡಿ, ‘ಕೋಟ್ ಸ್ಟ್ಯಾಂಡ್ ಚೆನ್ನಾಗಿದೆ, ಇದೇ ಥರದ್ದು ಇನ್ನೊಂದು ಸಿಗುತ್ತಾ?’ ಎಂದು ಗಂಭೀರವಾಗಿಯೇ ಕೇಳಿದರು. ಆ ಮಾತು ಕಟ್ಟಡದ ತುಂಬ ಹರಡಿತು. ಅಂದಿನಿಂದ ಗಿಡಕ್ಕೆ ಗೀರುವುದು ನಿಂತು ನೇತುಹಾಕುವುದು ಶುರುವಾಯಿತು. ಟೈಲರನ ಕೊಡೆ, ನರ್ಸಮ್ಮನ ಚೀಲ, ಯಾರದೋ ಹೆಲ್ಮೆಟ್. ದೊಡ್ಡಮ್ಮ ಬೈದು ಬೈದು ಸೋತಳು. ಉಗುರಿಗಿಂತ ಕೊಡೆ ವಾಸಿ ಎಂದು ಸುಮ್ಮನಾದಳು.

ಚಳಿ ಹಿಂದೆ ಸರಿಯಿತು. ಬಿಸಿಲಿಗೆ ಒಣಕಾಯಿಗಳು ಕಾದು ಟಪ್ ಎಂದು ಸಿಡಿಯತೊಡಗಿದವು. ಒಂದು ಮಧ್ಯಾಹ್ನ ಸಿಡಿದ ಬೀಜ ನೇರವಾಗಿ ಹೋಗಿ, ಬಿಸಿಲು ಮಣೆಗೆ ಬರುವ ಮೊದಲೇ ಎಂದು ಅವಸರದಲ್ಲಿ ಆಗತಾನೇ ಮುಗಿಸಿದ್ದ ಊಟದ ಮೇಜಿನ ಹಸಿ ಪಾಲಿಶಿನ ಮೇಲೆ ಅಂಟಿಕೊಂಡಿತು.

ದೊಡ್ಡಮ್ಮ ಉಂಡೆ ಎತ್ತಿ ಹಿಡಿದು ಗಿಡಕ್ಕೆ ಹೇಳಿದಳು: ‘ನಿನಗೋಸ್ಕರ ನಾನು ಮೈದುನನ ಹತ್ರ ಬಾಯಿಗೆ ಬಂದಂತೆ ಅನ್ನಿಸಿಕೊಳ್ತಿದ್ದೀನಿ. ನೀನು ನನ್ನ ಮೇಜಿನ ಮೇಲೇ ಉಗೀತೀಯಾ? ಉಗಿಯೋಕೆ ಶಕ್ತಿ ಇದೆ, ಎಲೆ ಬಿಡೋಕೆ ಇಲ್ವಾ?’

ಪಕ್ಕದ ಬೇಲಿಯ ಗಿಡಗಳೆಲ್ಲ ಚಿಗುರಿ ಹಸಿರಾದವು. ಇದು ಮಾತ್ರ ಹೊಳೆಯುತ್ತಾ ನಿಂತಿತ್ತು. ಸಭೆಯ ದಿನ ಹತ್ತಿರ ಬಂತು. ಹಿಂದಿನ ಸಂಜೆ ಓರಗಿತ್ತಿ ಬಂದು ಮಣೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

‘ಅಕ್ಕ, ಒಂದೇ ಒಂದು ಸಲ ಗೀರಿ ನೋಡಬಾರದಾ? ಬುಡದಲ್ಲಿ. ಯಾರಿಗೂ ಹೇಳಲ್ಲ.’

‘ಬೇಡ ಕಣೆ. ನೋಡಿದ್ದು ಸಾಕು. ಅದಕ್ಕೂ ಒಂದು ಮರ್ಯಾದೆ ಬೇಡವಾ?’

‘ಅಕಸ್ಮಾತ್ ಸತ್ತಿದ್ರೆ?’

‘ಸತ್ತಿದ್ರೆ ನಾಳೇನೂ ಸತ್ತೇ ಇರತ್ತೆ. ಅವಸರ ಏನು?’

ಹಾಗೆ ಹೇಳಿದಳೇ ಹೊರತು, ಹೆಬ್ಬೆರಳು ತೋರುಬೆರಳಿನ ಪಕ್ಕವನ್ನು ಕೆರೆಯುತ್ತಲೇ ಇತ್ತು. ಕಂಡ ಕಂಡ ಬೀರುವಿನ ಒಳಗುಟ್ಟು ಬಯಲಿಗೆಳೆದವಳು, ತನ್ನ ಅನ್ನದ ಪ್ರಶ್ನೆ ಬಂದಾಗ ಮೊದಲ ಬಾರಿಗೆ ಏನನ್ನೂ ಗೀರದೆ ಕಾಯುತ್ತಿದ್ದಳು. ಯುದ್ಧಗಳಲ್ಲಿ ಇದು ಎಲ್ಲಕ್ಕಿಂತ ಕಠಿಣವಾದ ಯುದ್ಧ ಎಂದು ತಿಳಿದವರು ಹೇಳುತ್ತಾರೆ. ನಮಗೆ ಆಗ ತಿಳಿದಿರಲಿಲ್ಲ. ನಮಗೆ ಸ್ಕೂಟರಿನ ಯೋಚನೆ.

ಸಭೆ ಹಿತ್ತಲಿನಲ್ಲೇ ಸೇರಿತು. ಕಾರ್ಯದರ್ಶಿಗಳು ಹಾರೆ ಹಿಡಿದ ಆಳೊಬ್ಬನನ್ನು ಕರೆದುಕೊಂಡೇ ಬಂದರು. ದೊಡ್ಡಮ್ಮ ತನ್ನ ಮೂಲೆ ಬಿಟ್ಟು ಏಳಲಿಲ್ಲ. ಯಾರದೋ ಕೈಕುರ್ಚಿಯ ಬೆನ್ನಿಗೆ ಕೊನೆಯ ಕೈ ಹಾಕುತ್ತಾ ಕೂತಿದ್ದಳು. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡರು. ಭಾಷಣಕ್ಕೆ ಮೊದಲು ಟೋಪಿ ತೆಗೆಯುವುದು ಅವರ ಪದ್ಧತಿ. ಕೈ ತಾನಾಗಿ ಪಕ್ಕಕ್ಕೆ ಚಾಚಿ, ಕೊಡೆ ಚೀಲಗಳ ನಡುವೆ ಒಂದು ಕೊಂಬೆಯ ತುದಿಗೆ ಟೋಪಿ ಏರಿಸಿತು.

ಭಾಷಣ ಚೆನ್ನಾಗಿತ್ತು. ಶಿಸ್ತಿನ ಬಗ್ಗೆ ಇತ್ತು, ಸ್ಥಳದ ಅಭಾವದ ಬಗ್ಗೆ ಇತ್ತು, ಅತ್ತಿಗೆಯ ಬಗ್ಗೆ ತಮಗಿರುವ ಗೌರವದ ಬಗ್ಗೆಯೂ ಇತ್ತು. ‘ಆದ್ದರಿಂದ ಮನಸ್ಸು ಗಟ್ಟಿ ಮಾಡಿಕೊಂಡು...’ ಎಂದು ಆಳಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಆಳು ಹಾರೆ ಎತ್ತಿದ. ನಾವು ನಮ್ಮ ನಮ್ಮ ಕೊಡೆ ಚೀಲಗಳನ್ನು ತೆಗೆದುಕೊಂಡೆವು. ಕಾರ್ಯದರ್ಶಿಗಳು ತಮ್ಮ ಟೋಪಿಗೆ ಕೈ ಹಾಕಿ ಎಳೆದರು.

ಟೋಪಿ ಬರಲಿಲ್ಲ.

ಮತ್ತೆ ಎಳೆದರು. ಕೊಂಬೆ ಬಾಗಿತು, ಟೋಪಿ ಬರಲಿಲ್ಲ. ಉಣ್ಣೆಯ ನೂಲು ಏನನ್ನೋ ಕಚ್ಚಿಕೊಂಡಿತ್ತು. ಮೂರನೇ ಸಲ ಜೋರಾಗಿ ಎಳೆಯಲು ಕಾಲು ಊರಿದಾಗ ಓರಗಿತ್ತಿ ಟೋಪಿಯ ಅಂಚು ಎತ್ತಿ ಇಣುಕಿದವಳು ಕಿರುಚಿದಳು:

‘ರೀ! ಎಳೀಬೇಡಿ! ಕೈ ಬಿಡಿ! ಅಯ್ಯೋ, ಕೈ ಬಿಡಬೇಡಿ, ಹಾಗೇ ಹಿಡ್ಕೊಳ್ಳಿ!’

‘ಬಿಡ್ಲೋ ಹಿಡೀಲೋ, ಒಂದು ಹೇಳೇ!’

‘ಅಲ್ಲಾಡಬೇಡಿ ಅಷ್ಟೇ. ಒಳಗೆ ಚಿಗುರಿದೆ!’

ಎಲ್ಲರೂ ಮುಗಿಬಿದ್ದರು. ಅರಗು ತಾಗದ ತುದಿಯಲ್ಲಿ ಮೊಗ್ಗೊಂದು ಒಡೆದಿತ್ತು. ಅದರಿಂದ ಪುಟ್ಟ ಎಲೆಯೊಂದು ಮಡಚಿದ ಪುಸ್ತಕದಂತೆ ಎರಡೂ ಹಾಳೆ ಕೂಡಿಸಿಕೊಂಡು ಹೊರಬಂದಿತ್ತು. ಟೋಪಿಯ ನೂಲಿನ ಕುಣಿಕೆ ಅದರ ಕುತ್ತಿಗೆಗೆ ಸಿಕ್ಕಿಕೊಂಡಿತ್ತು. ಕೊಡೆ ಹೆಲ್ಮೆಟ್ಟುಗಳನ್ನು ತೆಗೆದ ಮೇಲೆ ನೋಡಿದರೆ ಅವುಗಳ ಮರೆಯಲ್ಲಿ ಅಲ್ಲೊಂದು ಇಲ್ಲೊಂದು ಇಂಥವೇ. ನಮ್ಮ ಕೊಡೆಗಳಿಗೆ ಜಾಗ ಕೊಟ್ಟುಕೊಂಡು, ಸದ್ದಿಲ್ಲದೆ, ಗಿಡ ತನ್ನ ಕೆಲಸ ಮಾಡಿಕೊಂಡಿತ್ತು.

ನರ್ಸಮ್ಮ ಮೇಲೆ ಓಡಿಹೋಗಿ ಚಿಮುಟ ತಂದಳು. ಕಾರ್ಯದರ್ಶಿಗಳು ಬರಿದಲೆಯಲ್ಲಿ, ಬಿಸಿಲಿನಲ್ಲಿ, ಸೊಂಟ ಬಗ್ಗಿಸಿ, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ನಿಂತರು. ನರ್ಸಮ್ಮ ಒಂದೊಂದೇ ಎಳೆ ಬಿಡಿಸಿದಳು. ಎಲೆ ಹರಿಯಲಿಲ್ಲ. ಟೋಪಿ ಹರಿಯಿತು. ಅದಕ್ಕೆ ಅವರು ಚಕಾರ ಎತ್ತಲಿಲ್ಲ. ಅದು ಅವರ ಬದುಕಿನ ದೊಡ್ಡ ಗಳಿಗೆ ಎಂದೇ ನನ್ನ ಅಭಿಪ್ರಾಯ.

ಆಳು ಬೇಸರದಿಂದ ಕೇಳಿದ, ‘ಸ್ವಾಮಿ, ಅಗೀಲೋ ಬೇಡ್ವೋ?’

‘ಅಗಿಯಪ್ಪ! ಸುತ್ತ ಪಾತಿ ಮಾಡು. ನೀರು ನಿಲ್ಲೋ ಹಾಗೆ. ಬೇರಿಗೆ ಹಾರೆ ತಗಲಿಸಿದ್ರೆ ಜೋಕೆ!’ ಎಂದರು ಕಾರ್ಯದರ್ಶಿಗಳು. ‘ಸ್ಕೂಟರ್ ಮುಂದಿನ ಗೇಟಿನ ಹತ್ರ ನಿಲ್ಲಿಸ್ಕೊಳ್ಳಿ ಎಲ್ಲರೂ. ಈ ಮೂಲೆ ಅತ್ತಿಗೆದು. ಯಾರದಾದ್ರೂ ತಕರಾರಿದ್ಯಾ?’

ತಕರಾರು ಮಾಡುವ ಏಕೈಕ ವ್ಯಕ್ತಿ ಅವರೇ ಆಗಿದ್ದರಿಂದ ಯಾರೂ ಮಾತಾಡಲಿಲ್ಲ. ಆದರೆ ಭಾಷಣಕಾರನಿಗೆ ಅರ್ಧ ಭಾಷಣ ಗಂಟಲಲ್ಲಿ ಉಳಿದರೆ ಅಜೀರ್ಣ. ಅವರು ಕುರ್ಚಿಯ ಹತ್ತಿರ ಬಂದು, ಕೈ ಎತ್ತಿ, ಹೊಸ ಶ್ರುತಿಯಲ್ಲಿ ಶುರುಮಾಡಿದರು. ಲೋಕವೆಲ್ಲ ಸತ್ತಿದೆ ಎಂದದ್ದನ್ನು ಒಬ್ಬಳೇ ಹೆಂಗಸು ಬದುಕಿದೆ ಎಂದಳು, ನಾವು ಎಲೆ ನೋಡಿದೆವು, ಆಕೆ ಜೀವ ನೋಡಿದಳು, ಇಂಥ ಅತ್ತಿಗೆಯ ಕೈಯಲ್ಲಿ ಬೆಳೆದ ನಾನು ಧನ್ಯ ಎಂದು ಹೇಳುವಷ್ಟರಲ್ಲಿ ಅವರ ದನಿ ನಿಜವಾಗಿಯೂ ನಡುಗಿತು. ಟೈಲರ್ ಕಣ್ಣೊರೆಸಿಕೊಂಡ. ನರ್ಸಮ್ಮ ಚಿಮುಟ ಹಿಡಿದೇ ಚಪ್ಪಾಳೆ ತಟ್ಟಿದಳು.

‘ಅತ್ತಿಗೆ,’ ಎಂದರು ಕಾರ್ಯದರ್ಶಿಗಳು, ‘ಇಷ್ಟು ತಿಂಗಳು, ಇಷ್ಟು ಮಾತು ಕೇಳಿಯೂ, ಆ ನಂಬಿಕೆ ನಿಮಗೆ ಎಲ್ಲಿಂದ ಬಂತು? ಮುಂದಿನ ಪೀಳಿಗೆಗೆ ಒಂದೇ ಒಂದು ಮಾತು ಹೇಳಿ.’

ದೊಡ್ಡಮ್ಮ ಉಂಡೆಯನ್ನು ಅರಗಿಗೆ ಅದ್ದಿ, ಹಿಂಡಿ, ಕುರ್ಚಿಯ ಬೆನ್ನನ್ನು ಓರೆಗಣ್ಣಿನಿಂದ ನೋಡಿದಳು. ಆಮೇಲೆ ಮೈದುನನ ನೆರಳನ್ನು ನೋಡಿದಳು.

‘ಎಲೆ ಅಗಲ ಆಗೋಕೆ ಇನ್ನೂ ತಿಂಗಳು ಬೇಕು. ಒಂಚೂರು ಎಡಕ್ಕೆ ನಿಂತ್ಕೋ, ಕುರ್ಚಿ ಮೇಲೆ ಬಿಸಿಲು ಬೀಳ್ತಿದೆ.’